ಮುತ್ಯಾನ ಬಾಯಿಗೆ ನೀರು

"ಚಪ್ಪಲಿ ಹೊರಗ ಬಿಡ್ರಿ. ಒಬ್ಬರೇ ಬರ್ರಿ. ಐದೇ ನಿಮಿಷ."

ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ನಿಂತು 19 ದಿನ ಈ ಮಾತು ಕೇಳಿದ್ದೇನೆ. ಒಳಗೆ ನಮ್ಮ ಮುತ್ಯಾ, ಅಂದ್ರೆ ಅಜ್ಜ. ಮಿದುಳಿನಲ್ಲಿ ರಕ್ತಸ್ರಾವ. ಬಾಯಲ್ಲಿ ದಪ್ಪ ಪೈಪು, ಮೂಗಲ್ಲಿ ಸಣ್ಣದು. ಪೈಪು ಕಿತ್ತುಕೊಳ್ಳಬಾರದು ಅಂತ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. ಎಪ್ಪತ್ತು ವರ್ಷ ಎತ್ತಿನ ಹಗ್ಗ ಹಿಡಿದ ಕೈ ಅದು. ಮೊದಲ ದಿನ ಅದನ್ನು ನೋಡಿ ನಾನು ಹೊರಗೆ ಬಂದು ಗೋಡೆಗೆ ಒರಗಿ ಕೂತೆ. ಮೂರನೇ ದಿನದ ಹೊತ್ತಿಗೆ ಅಭ್ಯಾಸವಾಗಿಬಿಟ್ಟಿತು. ಇವತ್ತು ನನಗೆ ಹೆದರಿಕೆ ಬರೋದು ಆ ಅಭ್ಯಾಸ ನೆನೆಸಿಕೊಂಡರೆ.

ಇದು ಸುಮಾರು ನಾಲ್ಕು ವರ್ಷದ ಹಿಂದಿನ ಮಾತು. ದಿನಾ ಡಾಕ್ಟರ್ ಹೊರಗೆ ಬಂದು "ಬಿಪಿ ನಿಂತಿದೆ, ಹಾರ್ಟ್ ನಡೀತಾ ಇದೆ" ಅನ್ನೋರು. "ಎಚ್ಚರ ಆಗ್ತಾರೇನ್ರಿ ಸಾಹೇಬ್ರ?" ಅಂತ ಅಪ್ಪ ಕೇಳೋರು. "ನೋಡೋಣ." ಈ ನೋಡೋಣ ಅನ್ನೋ ಒಂದು ಮಾತಿನ ಮೇಲೆ ಅಪ್ಪ ಗಂಜ್ ಮಾರುಕಟ್ಟೆಗೆ ಹೋಗಿ, ಇನ್ನೂ ಹೊಲದಲ್ಲೇ ನಿಂತಿದ್ದ ತೊಗರಿಯ ಮೇಲೆ ಅಡತಿಯವರ ಹತ್ತಿರ ಮುಂಗಡ ತಂದರು. ಅದು ಮುಗಿದ ಮೇಲೆ ಅವ್ವನ ಪಾಟಲಿ ಹೋಯಿತು.

ಕಾರಿಡಾರಿನಲ್ಲಿ ಚಾದರ ಹಾಸಿಕೊಂಡು ಇನ್ನೂ ಹತ್ತು ಮನೆಯವರು ಇದ್ದರು. ಆಳಂದದವರು, ಶಹಾಪುರದವರು, ಹುಮನಾಬಾದಿನವರು. ಕಟಕ ರೊಟ್ಟಿ, ಶೇಂಗಾ ಹಿಂಡಿ ಹಂಚಿಕೊಂಡು ತಿಂತಿದ್ದೆವು. ಯಾರ ಹೆಸರು ಯಾರಿಗೂ ಗೊತ್ತಿರಲಿಲ್ಲ. "ಏಳನೇ ಬೆಡ್ಡಿನವರು ಉಂಡರೇನು?" ಅಂತ ಕೇಳುತ್ತಿದ್ದರು. ಏಳನೇ ಬೆಡ್ಡು ಅಂದ್ರೆ ನಾವು.

ನಮ್ಮ ಕಡೆ ಒಂದು ಗಾದೆ ಇದೆಯಲ್ಲ, ಶರಣರ ಗುಣ ಮರಣದಲ್ಲಿ ನೋಡು ಅಂತ. ಬಸವಕಲ್ಯಾಣದ ಸೀಮೆಯಲ್ಲಿ ಹುಟ್ಟಿದವರು ಈ ಮಾತು ಕೇಳಿಕೊಂಡೇ ಬೆಳೀತೇವೆ. ಈಗ ಮರಣ ನೋಡೋಕೂ ಪಾಸ್ ಬೇಕು.

ಹದಿನೈದನೇ ದಿನ ನಮ್ಮ ಆಯಿ ಬಂದರು. ಸೆರಗಿನಲ್ಲಿ ಸಣ್ಣ ತಾಮ್ರದ ತಂಬಿಗೆ ಮುಚ್ಚಿಟ್ಟುಕೊಂಡಿದ್ದರು. ಗಂಡನ ಬಾಯಿಗೆ ಎರಡು ಹನಿ ನೀರು ಬಿಡಬೇಕು, ಅಷ್ಟೇ. ನರ್ಸ್ ಬಿಡಲಿಲ್ಲ. ಪಾಪ, ಆ ಹುಡುಗಿ ಸರಿಯಾಗೇ ಹೇಳಿದಳು. ನೀರು ಶ್ವಾಸಕೋಶಕ್ಕೆ ಹೋದರೆ ಕಷ್ಟ. ಆಯಿ ವಾದ ಮಾಡಲಿಲ್ಲ. ಹೊರಗೆ ಬಂದು ಒಂದೇ ಮಾತು ಕೇಳಿದರು: "ಒಳಗ ಇರೋದು ಅವರೇ ಏನೋ?"

ಆ ಪ್ರಶ್ನೆ ಇನ್ನೂ ನನ್ನ ತಲೆಯಲ್ಲಿ ಕೂತಿದೆ. ಮಾತಿಲ್ಲ, ನೆನಪಿಲ್ಲ, ಗುರುತಿಲ್ಲ ಅಂದ್ರೆ ಉಳಿದಿದ್ದೇನು, ಮನುಷ್ಯನಾ ಬರೀ ಮೈಯಾ?

ಇದೇ ಪ್ರಶ್ನೆ ನಮ್ಮದೇ ರಾಜ್ಯದ ಒಬ್ಬ ಹೆಣ್ಣುಮಗಳ ನೆಪದಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಅರುಣಾ ಶಾನಭಾಗ. ಉತ್ತರ ಕನ್ನಡದ ಹಳದೀಪುರದವರು, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್‌ನಲ್ಲಿ ಅದೇ ಆಸ್ಪತ್ರೆಯ ಕಸಗುಡಿಸುವವನು ನಾಯಿ ಕಟ್ಟುವ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಅವನಿಗಾದ ಶಿಕ್ಷೆ ಏಳು ವರ್ಷ, ಅದೂ ಹಲ್ಲೆ ಮತ್ತು ದರೋಡೆಗೆ. ಅರುಣಾ ಮಾತ್ರ 2015ರ ಮೇ ತನಕ, ಹತ್ತಿರ ಹತ್ತಿರ 42 ವರ್ಷ, ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಲೇಖಕಿ ಪಿಂಕಿ ವಿರಾನಿ, ಅವರನ್ನು ಹೋಗಲು ಬಿಡಿ ಅಂತ ಕೋರ್ಟಿಗೆ ಹೋದರು. ನರ್ಸುಗಳು ಒಪ್ಪಲಿಲ್ಲ. ಇವರು ನಮ್ಮವರು, ನಾವು ನೋಡಿಕೊಳ್ತೇವೆ ಅಂದರು. ಒಂದು ತಂಡ ನಿವೃತ್ತಿಯಾದರೆ ಮುಂದಿನ ತಂಡ ಉಣಿಸಿತು, ತೊಳೆಯಿತು. 2011ರಲ್ಲಿ ಕೋರ್ಟ್ ನರ್ಸುಗಳ ಮಾತನ್ನೇ ಎತ್ತಿಹಿಡಿಯಿತು. ಆದರೆ ಅದೇ ತೀರ್ಪಿನಲ್ಲಿ, ವಾಸಿಯಾಗುವ ಆಸೆಯೇ ಇಲ್ಲದವರ ಚಿಕಿತ್ಸೆ ನಿಲ್ಲಿಸೋದಕ್ಕೆ ಹೈಕೋರ್ಟಿನ ಒಪ್ಪಿಗೆ ಕೇಳಬಹುದು ಅಂತಲೂ ಹೇಳಿತು.

ನಾನು ಯಾರ ಪರ ಅಂತ ಕೇಳಿದರೆ, ಎರಡು ಕಡೆಯವರ ಪರವೂ ಹೌದು. ಜಾರಿಕೊಳ್ಳೋ ಉತ್ತರ ಅನ್ನಿಸಬಹುದು. ಆದರೆ ನೋಡಿ, ಆ ನರ್ಸುಗಳಿಗೂ ಅಲ್ಲಿ ಮನುಷ್ಯಳೇ ಕಂಡಳು, ಪಿಂಕಿ ವಿರಾನಿಗೂ ಮನುಷ್ಯಳೇ ಕಂಡಳು. ಜಗಳ ಅದರ ಮೇಲಲ್ಲ. ಅರುಣಾಗೆ ಏನು ಬೇಕಾಗಿತ್ತು ಅನ್ನೋದರ ಮೇಲೆ. ಅದನ್ನು ಹೇಳೋಕೆ ಅವರಿಗೆ ಯಾರೂ ಅವಕಾಶ ಕೊಡಲಿಲ್ಲ, ಇಪ್ಪತ್ತೈದು ದಾಟಿದ ಹುಡುಗಿಯ ಹತ್ತಿರ ಇಂಥದ್ದು ಯಾರು ಕೇಳ್ತಾರೆ?

ನನ್ನ ಲೆಕ್ಕದಲ್ಲಿ ಮನುಷ್ಯನಿಗೆ ಕೊಡೋ ಮರ್ಯಾದೆ ಅಂದ್ರೆ ಇದೇ. ಅವನ ಮಾತು ನಿಂತ ಮೇಲೂ ಅವನ ಮಾತು ನಡೀಬೇಕು. ಹಾಗೆ ನಡೀಬೇಕು ಅಂದ್ರೆ ಬಾಯಿ ಇದ್ದಾಗಲೇ ಹೇಳಿಟ್ಟಿರಬೇಕು.

2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹಕ್ಕು ಅಂತ ಒಪ್ಪಿತು. ಘನತೆಯಿಂದ ಸಾಯೋದೂ ಬದುಕುವ ಹಕ್ಕಿನ ಭಾಗ ಅಂತ. ಆದರೆ ಆಗ ಇಟ್ಟ ದಾರಿ ಎಷ್ಟು ಸುತ್ತು ಅಂದ್ರೆ, ಮ್ಯಾಜಿಸ್ಟ್ರೇಟರ ಸಹಿ ಬರುವಷ್ಟರಲ್ಲಿ ರೋಗಿಯ ತಿಥಿ ಮುಗಿಯುತ್ತಿತ್ತು. 2023ರಲ್ಲಿ ಸಡಿಲ ಮಾಡಿದರು. ಈಗ, ನನಗೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡೋ ಕಾಗದಕ್ಕೆ (ಲಿವಿಂಗ್ ವಿಲ್) ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ಹತ್ತಿರ ದೃಢೀಕರಣ ಮಾಡಿಸಿದರೆ ಆಯಿತು. ನನ್ನ ಪರವಾಗಿ ಯಾರು ಮಾತಾಡಬೇಕು ಅಂತಲೂ ಅದರಲ್ಲಿ ಬರೆಯಬೇಕು. ಮುಂದೆ ಆ ಹೊತ್ತು ಬಂದಾಗ ಡಾಕ್ಟರುಗಳ ಒಂದು ಮಂಡಳಿ ನೋಡುತ್ತದೆ, ಅದರ ಮೇಲೆ ಇನ್ನೊಂದು ಮಂಡಳಿ ನೋಡುತ್ತದೆ. 2025ರ ಜನವರಿ ಕೊನೆಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಇದರ ಸುತ್ತೋಲೆ ಹೊರಡಿಸಿದೆ. ಇಂಜೆಕ್ಷನ್ ಕೊಟ್ಟು ಸಾಯಿಸೋದಲ್ಲ ಇದು, ಅದು ನಮ್ಮಲ್ಲಿ ಇವತ್ತಿಗೂ ಅಪರಾಧ. ಫಲ ಕೊಡದ ಯಂತ್ರ ನಿಲ್ಲಿಸಿ, ನೋವಿಗೆ ಔಷಧ ಕೊಡುತ್ತಾ ಇರೋದು.

ನಾವು ಮಾಡಿದ್ದೇನು ಗೊತ್ತಾ? 19ನೇ ದಿನ ದುಡ್ಡು ಮುಗಿಯಿತು. "ನಮ್ಮ ಸ್ವಂತ ಇಚ್ಛೆಯಿಂದ ಕರೆದುಕೊಂಡು ಹೋಗುತ್ತೇವೆ" ಅನ್ನೋ ಕಾಗದಕ್ಕೆ ಅಪ್ಪ ಸಹಿ ಹಾಕಿದರು. ಅಂಬುಲೆನ್ಸ್ ಊರಿನ ಅಗಸಿ ದಾಟಿದ ಮೇಲೆ ಪೈಪು ತೆಗೆದರು. ಮನೆ ಪಡಸಾಲೆಯಲ್ಲಿ ಮುತ್ಯಾ ಇನ್ನೂ ಎರಡು ತಾಸು ಏದುಸಿರು ಬಿಟ್ಟರು. ನೋವಿಗೆ ಒಂದು ಗುಳಿಗೆಯೂ ಇರಲಿಲ್ಲ. ಕಾರಿಡಾರಿನಲ್ಲಿ ಇದ್ದವರಲ್ಲಿ ಸುಮಾರು ಮನೆಗಳ ಕಥೆ ಇದೇ. ಯಂತ್ರ ನಿಲ್ಲಿಸೋದನ್ನು ಪಾಪ ಅಂತೇವೆ, ಆಮೇಲೆ ಬಡತನದ ಕೈಯಲ್ಲಿ ಅದನ್ನೇ ಮಾಡಿಸಿ "ಮನೆಗೆ ಒಯ್ದೆವು" ಅಂತೇವೆ.

ನನ್ನ ಗೆಳೆಯನೊಬ್ಬ ಹೀಗೆ ಮೊದಲೇ ಬರೆದಿಡೋ ಕಾಗದಕ್ಕೆ ಒಪ್ಪೋದಿಲ್ಲ. "ನಾಳೆ ಆಸ್ತಿ ಸಲುವಾಗಿ ಮಕ್ಕಳು ಅಪ್ಪನ ಕಡೆಯಿಂದ ಸಹಿ ಹಾಕಿಸ್ಕೊಂಡ್ರ ಏನ್ ಮಾಡ್ತಿ?" ಅಂತಾನೆ. ಸುಳ್ಳಲ್ಲ. ಹೊಲದ ಬದುವಿಗೆ ಅಣ್ಣತಮ್ಮಂದಿರು ಕೊಡಲಿ ಎತ್ತೋ ಸೀಮೆ ನಮ್ಮದು. ಎರಡು ಮಂಡಳಿ ಇಟ್ಟಿರೋದು ಇದಕ್ಕೇ, ಆದರೆ ಕಾಗದದ ಮೇಲಿನ ಮಂಡಳಿ ಯಾದಗಿರಿಯಲ್ಲಿ ರಾತ್ರಿ ಎರಡಕ್ಕೆ ಸೇರುತ್ತದಾ ಅನ್ನೋ ಅನುಮಾನ ನನಗೂ ಇದೆ. ಇನ್ನೊಂದು, ಚಿಕಿತ್ಸೆಗೆ ದುಡ್ಡಿಲ್ಲದವನು "ನನಗೆ ಚಿಕಿತ್ಸೆ ಬ್ಯಾಡ" ಅಂತ ಬರೆದರೆ ಅದು ಅವನ ಇಚ್ಛೆಯಾ, ಅವನ ಸಾಲದ ಇಚ್ಛೆಯಾ? ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಹೋದ ತಿಂಗಳು ಊಟಕ್ಕೆ ಕೂತಾಗ ಧೈರ್ಯ ಮಾಡಿ ಅಪ್ಪನ ಹತ್ತಿರ ಈ ವಿಷಯ ತೆಗೆದೆ. ತುತ್ತು ಅರ್ಧಕ್ಕೇ ನಿಂತಿತು. "ಉಣ್ಣೋವಾಗ ಇದೇನ್ ಮಾತೋ?" ಅಂತ ಎದ್ದು ಹೋದರು. ರಾತ್ರಿ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಸುಮ್ನೆ ಕೂತಿದ್ದವರು ತಾವೇ ಕರೆದರು. "ಆ ನೋಟರಿ ಕಾಗದ ಎಷ್ಟಕ್ಕ ಆಗ್ತದ? ಮಾಡ್ಸು. ಪೈಪು ಬ್ಯಾಡ, ಕೈ ಕಟ್ಟೋದ್ ಬ್ಯಾಡ. ನಿಮ್ಮವ್ವಗ ಮಾತ್ರ ಹೇಳಬ್ಯಾಡ."

ಒಳಗಿಂದ ಅವ್ವನ ದನಿ ಬಂತು: "ಹೋಗೋದ್ ಹೋಗ್ತಿ, ನಂದೂ ಒಂದ್ ಮಾಡಿಸ್ಕೊಂಡ್ ಬಾ."