ಬ್ರೇಕ್ ಸದ್ದು: ಮೊದಲು ಕೇಳಿಸಿಕೊಳ್ಳಿ, ಆಮೇಲೆ ಬಿಚ್ಚಿ

ಎಲ್ಲರಿಗೂ ನಮಸ್ಕಾರ.

"ಬ್ರೇಕ್ ಸೌಂಡ್ ಬರ್ತಿದೆ, ಪ್ಯಾಡ್ ಹಾಕಿಬಿಡಿ ಸಾರ್." ಗ್ಯಾರೇಜಿನಲ್ಲಿ ದಿನಾ ಕೇಳುವ ಮಾತಿದು. ಪ್ಯಾಡ್ ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ನಿಲ್ಲಿಸುವ ತುಂಡು. ಹೊಸ ಪ್ಯಾಡ್ ಬೀಳುತ್ತದೆ, ದುಡ್ಡು ಹೋಗುತ್ತದೆ, ವಾರ ಕಳೆಯುವಷ್ಟರಲ್ಲಿ ಅದೇ ಸದ್ದು ವಾಪಸ್. ನೋವು ಎಲ್ಲಿ ಅಂತ ಹೇಳದೆ ಮಾತ್ರೆ ಕೇಳಿದ ಹಾಗಾಯಿತು, ಅಲ್ವಾ? ಸದ್ದು ಎಷ್ಟು ಜೋರಾಗಿದೆ ಅನ್ನುವುದು ನನಗೆ ಅಷ್ಟು ಮುಖ್ಯವಲ್ಲ. ಅದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅಂತ ಹೇಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಇದನ್ನು ನೀವೇ ಪತ್ತೆ ಮಾಡಬಹುದು. ಓಡಾಟ ಕಡಿಮೆ ಇರುವ, ಪಕ್ಕದಲ್ಲಿ ಉದ್ದನೆಯ ಕಾಂಪೌಂಡ್ ಗೋಡೆ ಇರುವ ರಸ್ತೆ ಹುಡುಕಿ. ಹಾಡು ನಿಲ್ಲಿಸಿ, ಕಿಟಕಿ ಇಳಿಸಿ, 20 ಕಿಲೋಮೀಟರ್ ವೇಗದಲ್ಲಿ ಗೋಡೆಯ ಪಕ್ಕದಲ್ಲೇ ಹೋಗಿ. ಸದ್ದು ಗೋಡೆಗೆ ಬಡಿದು ಕಿವಿಗೆ ವಾಪಸ್ ಬರುತ್ತದೆ. ಆಮೇಲೆ ತಿರುಗಿಸಿಕೊಂಡು, ಇನ್ನೊಂದು ಬದಿ ಗೋಡೆಗೆ ಬರುವ ಹಾಗೆ ಬನ್ನಿ. ಎಡವೋ ಬಲವೋ ಗೊತ್ತಾಗಿಬಿಡುತ್ತದೆ. ಬ್ರೇಕ್ ಒತ್ತಿದಾಗ ಏನಾಗುತ್ತದೆ, ಬಿಟ್ಟಾಗ ಏನಾಗುತ್ತದೆ, ಸ್ಟೀರಿಂಗ್ ತಿರುಗಿಸಿದಾಗ ಏನಾಗುತ್ತದೆ ಅಂತಲೂ ಗಮನಿಸಿ.

ಬ್ರೇಕ್ ಒತ್ತದೇ ಇರುವಾಗ ಕೀಂ ಅಂತ ಸಣ್ಣಗೆ ಕೂಗಿ, ಒತ್ತಿದ ತಕ್ಷಣ ನಿಂತರೆ ಅದು ಹೆಚ್ಚಾಗಿ ಪ್ಯಾಡ್ ಸವೆದ ಸೂಚನೆ. ಎಷ್ಟೋ ಪ್ಯಾಡ್‌ಗಳಲ್ಲಿ ಇದಕ್ಕೆಂದೇ ಒಂದು ಸಣ್ಣ ಉಕ್ಕಿನ ಪಟ್ಟಿ ಇಟ್ಟಿರುತ್ತಾರೆ. ಹೊಸ ಪ್ಯಾಡ್‌ನ ಉಜ್ಜುವ ಭಾಗ ಸುಮಾರು 10 ಮಿಲಿಮೀಟರ್ ದಪ್ಪ. ಅದು ಎರಡು–ಮೂರು ಮಿಲಿಮೀಟರಿಗೆ ಇಳಿದಾಗ ಈ ಪಟ್ಟಿ ಡಿಸ್ಕಿಗೆ ತಾಗಿ ಕೂಗುತ್ತದೆ. ಆಗ ಎರಡೂ ಬದಿಯ ಪ್ಯಾಡ್ ಒಟ್ಟಿಗೆ ಬದಲಿಸಿ. ಎಡಗಡೆ ಹೊಸದು, ಬಲಗಡೆ ಹಳೆಯದು ಆದರೆ ಕಾರು ಒಂದು ಕಡೆಗೆ ಎಳೆಯಬಹುದು.

ಆ ಕೂಗನ್ನು ಕೇಳಿಯೂ ಸುಮ್ನೆ ಓಡಿಸಿದರೆ ಮುಂದೆ ಬರುವುದು ಗರಗರ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಅದು, ಪೆಡಲ್‌ನಲ್ಲಿ ಕಾಲಿಗೂ ಗೊತ್ತಾಗುತ್ತದೆ. ಹಾಗಾದ ಮೇಲೆ ಕಾರು ಓಡಿಸಬೇಡಿ. ಮೆಕ್ಯಾನಿಕ್‌ನ ಅಲ್ಲಿಗೇ ಕರೆಸಿ.

ಇನ್ನು ಮಳೆಗಾಲದ ಮಾತು. ಮಲೆನಾಡು, ಕರಾವಳಿಯಲ್ಲಿ ರಾತ್ರಿಯಿಡೀ ಹೊರಗೆ ನಿಂತ ಕಾರು ಬೆಳಿಗ್ಗೆ ಸರ್ ಸರ್ ಅನ್ನುತ್ತದೆ. ಡಿಸ್ಕ್ ಮೇಲೆ ತೆಳ್ಳಗೆ ಕಟ್ಟಿದ ತುಕ್ಕು ಅದು. ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಅದಕ್ಕಾಗಿ ಯಾರಿಗೂ ದುಡ್ಡು ಕೊಡಬೇಡಿ. ಜಲ್ಲಿ ರಸ್ತೆಯಲ್ಲಿ ಹೋಗಿ ಬಂದ ಮೇಲೆ ಇದ್ದಕ್ಕಿದ್ದಂತೆ ಎದೆ ಝಲ್ಲೆನ್ನುವ ಕಿರುಚಾಟ ಶುರುವಾದರೆ, ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಕಲ್ಲು ಸಿಕ್ಕಿರಬಹುದು. ನಿಧಾನಕ್ಕೆ ಸ್ವಲ್ಪ ರಿವರ್ಸ್ ತೆಗೆಯಿರಿ, ಎಷ್ಟೋ ಸಲ ತಾನಾಗಿ ಬೀಳುತ್ತದೆ. ಬೀಳದಿದ್ದರೆ ಚಕ್ರ ಬಿಚ್ಚಿ, ತಗಡನ್ನು ಒಂಚೂರು ಬಗ್ಗಿಸಿದರೆ ಆಯಿತು.

ಈಗ ಎಲ್ಲರೂ ಮರೆಯುವ ಒಂದು ವಿಷಯಕ್ಕೆ ಬರುತ್ತೇನೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದ್ರೆ ಹೊಸ ಪ್ಯಾಡ್ ಹಾಕಿದ ಮೇಲೂ ಸದ್ದು ಬರುವುದಕ್ಕೆ ಇದೇ ದೊಡ್ಡ ಕಾರಣ. ಪ್ಯಾಡ್‌ಗಳನ್ನು ಡಿಸ್ಕಿನ ಎರಡೂ ಬದಿಗೆ ಒತ್ತುವ ಹಿಡಿಕೆಗೆ ಕ್ಯಾಲಿಪರ್ ಅಂತಾರೆ. ನಮ್ಮ ಸಾಮಾನ್ಯ ಕಾರುಗಳಲ್ಲಿ ಅದು ಎರಡು ಪಿನ್‌ಗಳ ಮೇಲೆ ಹಿಂದೆ ಮುಂದೆ ಜಾರುತ್ತಿರುತ್ತದೆ. ಬ್ರೇಕ್ ಆಯಿಲ್ ಒತ್ತಡಕ್ಕೆ ಮುಂದೆ ಬಂದು ಪ್ಯಾಡ್ ತಳ್ಳುವ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಅದು ಒಳಗಿನ ಪ್ಯಾಡನ್ನು ತಳ್ಳಿದಾಗ ಇಡೀ ಕ್ಯಾಲಿಪರ್ ಜಾರಿ ಹೊರಗಿನ ಪ್ಯಾಡನ್ನೂ ಎಳೆದುಕೊಳ್ಳಬೇಕು. ಪಿನ್‌ನ ರಬ್ಬರ್ ಹರಿದರೆ ಒಳಗೆ ನೀರು ಹೋಗುತ್ತದೆ. ಗ್ರೀಸ್ ಒಣಗಿ, ಪಿನ್ ತುಕ್ಕು ಹಿಡಿದು, ಅಲ್ಲೇ ಕಚ್ಚಿಕೊಳ್ಳುತ್ತದೆ. ಬ್ರೇಕ್ ಬಿಟ್ಟರೂ ಪ್ಯಾಡ್ ಡಿಸ್ಕನ್ನು ಬಿಡುವುದಿಲ್ಲ. ಚಕ್ರ ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಕೂಗು ಶುರುವಾಗುತ್ತದೆ.

ಹಳೆಯ ಪ್ಯಾಡ್ ಬಿಚ್ಚಿದಾಗ ಎರಡನ್ನೂ ಕೈಯಲ್ಲಿ ಹಿಡಿದು ನೋಡಿ. ಒಂದು ಬಿಸ್ಕತ್ತಿನಷ್ಟು ತೆಳ್ಳಗಾಗಿ, ಇನ್ನೊಂದು ಇನ್ನೂ ದಪ್ಪವಾಗಿದ್ದರೆ ಮೊದಲು ಪಿನ್ ಹೊರಗೆ ಎಳೆಯಿರಿ. ಸರಿಯಿರುವ ಪಿನ್ ಬೆರಳಲ್ಲಿ ತಳ್ಳಿದರೆ ಸರಾಗವಾಗಿ ಓಡಾಡುತ್ತದೆ. ಇಲ್ಲದಿದ್ದರೆ ಉಜ್ಜಿ ಒರೆಸಿ, ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ, ಹರಿದ ರಬ್ಬರ್ ಬದಲಿಸಿ. ಬೇರಿಂಗಿಗೆ ಹಾಕುವ ಗ್ರೀಸ್ ಬೇಡ, ಅದು ರಬ್ಬರನ್ನು ಉಬ್ಬಿಸುತ್ತದೆ. ಪಿನ್ ಗುಳಿ ಬಿದ್ದಿದ್ದರೆ ಹೊಸದೇ ಹಾಕಿ. ಪಿಸ್ಟನ್ ಕೂಡ ಸಲೀಸಾಗಿ ಒಳಗೆ ಹೋಗುತ್ತದೆಯೇ ನೋಡಿ. ಇದೆಲ್ಲ ದೊಡ್ಡ ಖರ್ಚಿನ ಕೆಲಸವಲ್ಲ, ಆದರೆ ಹೇಳಿ ಮಾಡಿಸಬೇಕು.

ಬ್ರೇಕ್ ಒತ್ತಿದಾಗ ಒಂದೇ ಸಲ ಟಕ್ ಅಂದರೆ ಪ್ಯಾಡ್ ಹಿಡಿದುಕೊಳ್ಳುವ ಕ್ಲಿಪ್ ಇದೆಯೇ ನೋಡಿ. ಅವಸರದಲ್ಲಿ ಪ್ಯಾಡ್ ಬದಲಿಸುವವರು ಅದನ್ನು ವಾಪಸ್ ಹಾಕುವುದೇ ಇಲ್ಲ. ಕ್ಯಾಲಿಪರ್ ಬೋಲ್ಟ್ ಸಡಿಲವಾಗಿದ್ದರೂ ಹೀಗೇ ಸದ್ದು ಬರುತ್ತದೆ. ಅದು ಅಪಾಯ, ಮೊದಲು ಅದನ್ನೇ ಪರೀಕ್ಷಿಸಿ.

ಹಿಂದಿನ ಚಕ್ರಗಳಲ್ಲಿ ಡಿಸ್ಕಿನ ಬದಲು ಡ್ರಮ್ ಇದ್ದರೆ ಒಳಗೆ ದೂಳು ತುಂಬಿ ಕಿರ್ರ್ ಅನ್ನುತ್ತದೆ. ಅದನ್ನು ಬಾಯಲ್ಲಾಗಲೀ ಗಾಳಿ ಪೈಪಿನಲ್ಲಾಗಲೀ ಊದಬೇಡಿ. ಡ್ರಮ್ಮಿನ ಒಳಗೆ ಉಜ್ಜುವ ಹಳೆಯ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಬ್ರೇಕ್ ಕ್ಲೀನರ್ ಹಾಕಿ ಒದ್ದೆ ಮಾಡಿ ತೊಳೆಯಬೇಕು. ಮೆಕ್ಯಾನಿಕ್ ಹುಡುಗರಿಗೆ ಇದನ್ನು ಹೇಳಿ, ದಯವಿಟ್ಟು.

ಆಗುಂಬೆ ಘಾಟಿ ಇಳಿದು ಸೋಮೇಶ್ವರ ತಲುಪುವಷ್ಟರಲ್ಲಿ ಕೂಗಲು ಶುರುವಾದರೆ, ದಾರಿಯುದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟಿದ್ದರ ಫಲ. ಪ್ಯಾಡ್ ಕಾದು ಮೈ ಗಾಜಿನ ಹಾಗೆ ನುಣುಪಾಗುತ್ತದೆ. 14 ತಿರುವುಗಳನ್ನೂ ಕಡಿಮೆ ಗೇರಿನಲ್ಲೇ ಇಳಿಯಿರಿ, ಎಂಜಿನ್ ಹಿಡಿದುಕೊಳ್ಳಲಿ. ಬಿಸಿ ಡಿಸ್ಕ್ ಮೇಲೆ ನೀರು ಸುರಿಯಬೇಡಿ, ಬಿರುಕು ಬಿಡಬಹುದು. ಕಾದ ಬ್ರೇಕ್ ಆಯಿಲ್ ಕುದಿದರೆ ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ತಡೆಯಬೇಕು. ನೀರಿನ ಪಸೆ ಹೀರಿಕೊಂಡರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುವುದು ಅದಕ್ಕೇ.

ಇನ್ನೊಂದು ಸದ್ದಿಗೂ ಹೆದರಬೇಡಿ. ಜಾರುವ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಕಾಲ ಕೆಳಗೆ ಕಟಕಟ ಅಂದರೆ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಕಾಲು ತೆಗೆಯಬೇಡಿ, ಒತ್ತಿಯೇ ಹಿಡಿಯಿರಿ.

ಹೊರಗೆ ಒಂದು ಕಾರನ್ನು ಜ್ಯಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿದ್ದೇವೆ, ಮುಂದಿನ ಚಕ್ರ ಬಿಚ್ಚಿದೆ. ಬನ್ನಿ, ಆ ಪಿನ್ ಎಳೆದು ತೋರಿಸುತ್ತೇನೆ. ನಿಮ್ಮ ಕಾರಿನ ಸದ್ದು ಯಾವಾಗ ಬರುತ್ತದೆ ಅಂತ ಅಲ್ಲೇ ಹೇಳಿ, ಒಬ್ಬೊಬ್ಬರದಾಗಿ ನೋಡೋಣ.