ಮನೆಯವರಿಗೋಸ್ಕರ ಅಂತೆ!

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಸ್ಕ್ರಿಪ್ಟ್ ರೆಡಿ ಇತ್ತು. ಥಂಬ್‌ನೇಲ್ ಕೂಡ ಆಗಿತ್ತು, ಅದರಲ್ಲಿ ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಎಲ್ಲ ಪಕ್ಕಕ್ಕಿಟ್ಟೆ. ಯಾಕೆ ಅಂದರೆ ಬರ್ನಿ ಮೇಡಾಫ್ ಬಗ್ಗೆ ಮಾಡಿದ ಎಪಿಸೋಡಿಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. ಓದುತ್ತೇನೆ, ಕೇಳಿ. "ಏನೇ ಅನ್ನಿ ಸರ್, ಮೋಸ ತಪ್ಪು. ಆದರೆ ಹೆಂಡತಿ ಮಕ್ಕಳಿಗೋಸ್ಕರ ತಾನೇ ಮಾಡಿದ್ದು?" ಕೊನೆಗೆ ಕೈ ಮುಗಿಯುವ ಇಮೋಜಿ. ನನ್ನ ಎಪಿಸೋಡಿಗೆ ಬಂದದ್ದಕ್ಕಿಂತ ಜಾಸ್ತಿ ಲೈಕು ಆ ಕಾಮೆಂಟಿಗೆ ಬಿದ್ದಿದೆ. ಆ ಉರಿಯೂ ಇದೆ, ಸುಳ್ಳು ಯಾಕೆ ಹೇಳಲಿ.

ಮನೆಯವರಿಗೋಸ್ಕರ ಅಂತೆ! ಸ್ವಾಮಿ, ಅವನು ಮನೆಯವರಿಗೋಸ್ಕರ ಮೋಸ ಮಾಡಲಿಲ್ಲ. ಮೋಸಕ್ಕೋಸ್ಕರ ಮನೆಯವರನ್ನು ಬಳಸಿಕೊಂಡ. ಇವತ್ತು ಇದೊಂದೇ ಮಾತು. ಬೇಕಾದರೆ ಇಲ್ಲಿಗೇ ನಿಲ್ಲಿಸಿ ಹೋಗಬಹುದು. ಹೋಗಬೇಡಿ, ವಾಚ್ ಟೈಮ್ ಬೇಕು.

ಹೊಸಬರಿಗೆ ಚಿಕ್ಕದಾಗಿ ಕಥೆ. ಬರ್ನಾರ್ಡ್ ಮೇಡಾಫ್ ನ್ಯೂಯಾರ್ಕಿನವನು. 1960ರಲ್ಲಿ ಸ್ವಂತ ಕಂಪನಿ ತೆರೆದ. ಮುಂದೆ ನಾಸ್ಡಾಕ್ ಅನ್ನುವ ಅಮೆರಿಕದ ಷೇರು ವಿನಿಮಯ ಕೇಂದ್ರದ ಅಧ್ಯಕ್ಷನೂ ಆದ. ಷೇರುಪೇಟೆಯಲ್ಲಿ ಅಷ್ಟು ಮರ್ಯಾದೆ ಇದ್ದವನು. ನಿಮ್ಮ ದುಡ್ಡಲ್ಲಿ ಷೇರು ಕೊಳ್ಳುತ್ತೇನೆ ಅಂತ ಜನರಿಂದ ದುಡ್ಡು ತಗೊಂಡ. ಷೇರು ಕೊಳ್ಳದೆ ಬ್ಯಾಂಕ್ ಖಾತೆಯಲ್ಲಿ ಹಾಕಿಟ್ಟ. ಹೊಸಬರು ಕೊಟ್ಟದ್ದನ್ನು ಹಳಬರಿಗೆ ಲಾಭ ಅಂತ ಕೊಟ್ಟ. ಅವರ ಟೋಪಿ ಇವರಿಗೆ, ಇವರ ಟೋಪಿ ಅವರಿಗೆ. 2008ರ ಡಿಸೆಂಬರಿನಲ್ಲಿ ಸಿಕ್ಕಿಬಿದ್ದಾಗ ಗ್ರಾಹಕರ ಸ್ಟೇಟ್‌ಮೆಂಟುಗಳಲ್ಲಿ ಸುಮಾರು 6500 ಕೋಟಿ ಡಾಲರ್ ಇತ್ತು. ಬರೀ ಕಾಗದದ ಮೇಲೆ. ಜನ ನಿಜವಾಗಿ ಕೈಯಿಂದ ಕಳೆದುಕೊಂಡ ಅಸಲೇ 1700 ಕೋಟಿ ಡಾಲರಿಗಿಂತ ಜಾಸ್ತಿ.

ಅಂದ ಹಾಗೆ, ಏಕವಚನದಲ್ಲಿ ಮಾತಾಡುತ್ತೀರಿ ಅಂತಲೂ ಒಂದು ದೂರು ಬಂದಿದೆ. 82 ವರ್ಷ ಬದುಕಿದ ಹಿರಿಯರಂತೆ, 2021ರಲ್ಲಿ ಜೈಲಲ್ಲಿ ತೀರಿಕೊಂಡರಂತೆ. ಆಗಲಿ. ಬಹುವಚನ ಅವನಿಂದ ದುಡ್ಡು ಕಳೆದುಕೊಂಡವರಿಗೆ ಇರಲಿ.

ಈಗ ಆಫೀಸಿಗೆ ಬನ್ನಿ. ಮ್ಯಾನ್‌ಹಟನ್‌ನಲ್ಲಿ ಲಿಪ್‌ಸ್ಟಿಕ್ ಬಿಲ್ಡಿಂಗ್ ಅಂತ ಇದೆ. ನೋಡೋಕೂ ಹಾಗೇ ಇದೆ. 19ನೇ ಮಹಡಿಯಲ್ಲಿ ನಿಜವಾದ ವ್ಯಾಪಾರ. ಗಂಡು ಮಕ್ಕಳಾದ ಮಾರ್ಕ್, ಆ್ಯಂಡ್ರೂ ಇಬ್ಬರೂ ಕೆಲಸ ಮಾಡುತ್ತಿದ್ದದ್ದು ಆ ವ್ಯಾಪಾರದಲ್ಲಿ. ತಮ್ಮ ಪೀಟರ್ ಕಂಪನಿಯಲ್ಲಿ ನಿಯಮ ಸರಿಯಾಗಿ ಪಾಲನೆ ಆಗುತ್ತಿದೆಯಾ ಅಂತ ನೋಡುವ ಮುಖ್ಯಸ್ಥ. ನಗಬೇಡಿ. ಅಣ್ಣನ ಕಂಪನಿಗೆ ತಮ್ಮನೇ ಕಾವಲು! ಎರಡು ಮಹಡಿ ಕೆಳಗೆ, 17ರಲ್ಲಿ, ಕಳ್ಳ ಕಾರ್ಖಾನೆ. ಅಲ್ಲಿ ಹಳೇ ಐಬಿಎಂ ಕಂಪ್ಯೂಟರಿನಿಂದ ಸುಳ್ಳು ಸ್ಟೇಟ್‌ಮೆಂಟು ಹೊರಗೆ ಬರುತ್ತಿತ್ತು.

ಆ 17ನೇ ಮಹಡಿಯ ಒಂದು ಸೀನು ನನಗೆ ಮರೆಯೋಕೇ ಆಗಲ್ಲ. ಆಡಿಟ್‌ನವರು ಹಳೇ ದಾಖಲೆ ಕೇಳಿದರು. ಅದು ಇದ್ದರೆ ತಾನೇ? ಕೂಡಲೇ ಪ್ರಿಂಟ್ ಹಾಕಿದರು. ಕಾಗದ ಇನ್ನೂ ಬಿಸಿ. ಬಿಸಿ ಕಾಗದ ಹಳೇದು ಅಂತ ಯಾರು ನಂಬುತ್ತಾರೆ? ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದರು. ಆಮೇಲೆ ಚೆಂಡಿನ ಥರ ಒಬ್ಬರಿಂದ ಒಬ್ಬರಿಗೆ ಎಸೆದಾಡಿ ಮುದುಡಿಸಿದರು. ಸುಮ್ನೆ ಹೇಳುತ್ತಿಲ್ಲ, ಮೇಡಾಫ್‌ನ ಬಲಗೈ ಫ್ರಾಂಕ್ ಡಿಪಾಸ್ಕಲಿ ಕೋರ್ಟಿನಲ್ಲೇ ಹೇಳಿದ್ದು. ಹಾಲು ತರಕಾರಿ ಇಡುವ ಫ್ರಿಜ್ಜಿನಲ್ಲಿ ಷೇರು ವಹಿವಾಟು!

ಈ ಫ್ರಿಜ್ಜಿಗೂ ಮನೆಯವರಿಗೂ ಏನು ಸಂಬಂಧ ಅಂತೀರಾ? ಇದೆ. ದುಡ್ಡು ಹಾಕಲು ಬಂದ ಗ್ರಾಹಕನಿಗೆ ಫ್ರಿಜ್ಜು ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ತಮ್ಮ, ಮಕ್ಕಳು, ಲಾಯರ್ ಓದಿ ಅಲ್ಲೇ ಸೇರಿದ ತಮ್ಮನ ಮಗಳು. ಇಡೀ ಸಂಸಾರವೇ ಕೂತು ನಡೆಸುವ ಕಂಪನಿ, ಇಲ್ಲಿ ಮೋಸ ಇರುತ್ತಾ ಅನ್ನಿಸುತ್ತಿತ್ತು. ಸಂಸಾರವೇ ಅಂಗಡಿಯ ಬೋರ್ಡು. ಬೋರ್ಡಿಗೋಸ್ಕರ ಯಾರಾದರೂ ಅಂಗಡಿ ಇಡುತ್ತಾರಾ? ಹೇಳಿ ನೋಡೋಣ.

ಇಲ್ಲಿ ಒಂದು ನಿಮಿಷ. ನೀವು ಇನ್ನೂ ಸಬ್‌ಸ್ಕ್ರೈಬ್ ಮಾಡಿಲ್ಲ ಅಂದರೆ ಮಾಡಿ. ನಾನು ತಿಂಗಳಿಗೆ ಇಷ್ಟು ಲಾಭ ಗ್ಯಾರಂಟಿ ಅಂತ ಯಾವತ್ತೂ ಹೇಳಲ್ಲ. ನಷ್ಟ ಗ್ಯಾರಂಟಿ, ವಾರಕ್ಕೆ ಇಪ್ಪತ್ತು ನಿಮಿಷ.

ಸರಿ. 2008ರ ಡಿಸೆಂಬರ್ 10. ಪೇಟೆ ಬಿದ್ದಿದೆ. ಜನ ಸುಮಾರು 700 ಕೋಟಿ ಡಾಲರ್ ವಾಪಸ್ ಕೇಳುತ್ತಿದ್ದಾರೆ. ಖಜಾನೆಯಲ್ಲಿ ಅಷ್ಟು ಇಲ್ಲ. ಈ ಮಹಾಶಯ ಬೋನಸ್ಸನ್ನು ಎರಡು ತಿಂಗಳು ಮುಂಚೆಯೇ ಹಂಚುತ್ತೇನೆ ಅಂತ ಹೊರಟ. ಮಕ್ಕಳಿಗೆ ಅನುಮಾನ ಬಂತು, ಕೇಳಿದರು. ಆಫೀಸಿನಲ್ಲಿ ಬೇಡ ಅಂತ ಅವರನ್ನು ಮನೆಗೆ ಕರೆದುಕೊಂಡು ಹೋದ. ಎಲ್ಲ ಮುಗಿಯಿತು, ಎಲ್ಲವೂ ಒಂದು ದೊಡ್ಡ ಸುಳ್ಳು ಅಂದ. ಮಕ್ಕಳು ಎದ್ದು ಲಾಯರ್ ಹತ್ತಿರ ಹೋದರು, ಆ ಮೂಲಕ ಸರ್ಕಾರಕ್ಕೆ ತಿಳಿಸಿದರು. ಅಪ್ಪ ಏನು ಮಾಡಿದ? ಅದೇ ಸಂಜೆ ಹೆಂಡತಿಯ ಜೊತೆ ಕಂಪನಿಯ ಕ್ರಿಸ್‌ಮಸ್ ಪಾರ್ಟಿಗೆ ಹೋದ. ಪಾರ್ಟಿಗೆ! ಬೆಳಗ್ಗೆ ಎಫ್‌ಬಿಐ ಬಂತು. ಇದಕ್ಕೆ ನಿರಪರಾಧಿ ಕೊಡುವಂಥ ವಿವರಣೆ ಏನಾದರೂ ಇದೆಯಾ ಅಂದರು. ಇಲ್ಲ ಅಂದ. ನಿಜ ಹೇಳಿದ ಕೆಲವೇ ಸಲಗಳಲ್ಲಿ ಅದೂ ಒಂದು.

ಈಗ ನಮ್ಮ ಇಮೋಜಿ ಸಾಹೇಬರು ಎದ್ದು ನಿಲ್ಲುತ್ತಾರೆ. "ಸರ್, ಅವನ ಟೇಬಲ್ ಡ್ರಾಯರಿನಲ್ಲಿ 17 ಕೋಟಿ 30 ಲಕ್ಷ ಡಾಲರಿನ ಚೆಕ್ ಸಿಕ್ಕಿತಲ್ಲ, ಸಹಿ ಮಾಡಿ ಇಟ್ಟಿದ್ದ, ಮನೆಯವರಿಗೆ, ಸ್ನೇಹಿತರಿಗೆ, ನೌಕರರಿಗೆ!" ಸಿಕ್ಕಿತು. ಯಾರ ದುಡ್ಡದು? ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಆ ಚೆಕ್ ಕೈಗೆ ಬಂದಿದ್ದರೆ ಆ ಮನೆಯವರ ಗತಿ ಏನಾಗುತ್ತಿತ್ತು ಗೊತ್ತಾ? ಕೋರ್ಟು ಒಬ್ಬ ಟ್ರಸ್ಟಿಯನ್ನು ಇಟ್ಟಿತು, ಅರ್ವಿಂಗ್ ಪಿಕಾರ್ಡ್. ಅವರ ಕೆಲಸವೇ ಮೇಡಾಫ್ ಕೊಟ್ಟದ್ದನ್ನೆಲ್ಲ ಕಿತ್ತು ತಂದು ದುಡ್ಡು ಕಳೆದುಕೊಂಡವರಿಗೆ ವಾಪಸ್ ಕೊಡೋದು. 1400 ಕೋಟಿ ಡಾಲರಿಗೂ ಜಾಸ್ತಿ ತಂದರು. ಮಕ್ಕಳ ಮೇಲೆ ಕೇಸು, ತಮ್ಮನ ಮೇಲೆ ಕೇಸು. ಮಕ್ಕಳ ಮೇಲಿನ ಕೇಸು ಇತ್ಯರ್ಥ ಆಗಿದ್ದು 2017ರಲ್ಲಿ. ಆಗ ಇಬ್ಬರೂ ಬದುಕಿರಲಿಲ್ಲ. ಅಪ್ಪ ಕೊಟ್ಟ ಒಂದೊಂದು ಉಡುಗೊರೆಯ ಹಿಂದೆ ಒಂದೊಂದು ಸಮನ್ಸ್ ಇತ್ತು ಅಂತ ಲೆಕ್ಕ. ಇದಾ ಮನೆಯವರಿಗೋಸ್ಕರ?

ಬದುಕಿರಲಿಲ್ಲ ಅಂದೆನಲ್ಲ. ಇಲ್ಲಿ ಜೋಕ್ ಬೇಡ.

ಮಾರ್ಕ್ 2010ರ ಡಿಸೆಂಬರ್ 11ರಂದು ತನ್ನ ಜೀವ ತಾನೇ ತೆಗೆದುಕೊಂಡ. ಅಪ್ಪನನ್ನು ಹಿಡಿದ ದಿನಕ್ಕೆ ಸರಿಯಾಗಿ ಎರಡು ವರ್ಷ. 46 ವಯಸ್ಸು. ಪಕ್ಕದ ಕೋಣೆಯಲ್ಲಿ ಎರಡು ವರ್ಷದ ಮಗ ಮಲಗಿದ್ದ. ಅದೇ ವರ್ಷ ಅವನ ಹೆಂಡತಿ ಕೋರ್ಟಿಗೆ ಅರ್ಜಿ ಹಾಕಿ ತನ್ನ ಮತ್ತು ಮಕ್ಕಳ ಹೆಸರಿಂದ ಮೇಡಾಫ್ ತೆಗೆಸಿದ್ದಳು. ಸ್ಕೂಲಿನಲ್ಲಿ ಹಾಜರಿ ಕೂಗುವಾಗ ಆ ಹೆಸರು ಬರುವುದನ್ನು ನೆನೆಸಿಕೊಳ್ಳಿ. ಆ್ಯಂಡ್ರೂಗೆ ಹಿಂದೆ ಕ್ಯಾನ್ಸರ್ ಬಂದು ವಾಸಿಯಾಗಿತ್ತು. ಅದು ಮರಳಿ ಬಂತು. ಈ ಹಗರಣ ಅಣ್ಣನನ್ನು ಬೇಗ ಕೊಂದಿತು, ನನ್ನನ್ನು ನಿಧಾನಕ್ಕೆ ಕೊಲ್ಲುತ್ತಿದೆ ಅಂತ ಅವನೇ ಹೇಳಿಕೊಂಡಿದ್ದ. 2014ರ ಸೆಪ್ಟೆಂಬರಿನಲ್ಲಿ ಹೋದ. 48 ವಯಸ್ಸು. ತಮ್ಮ ಪೀಟರ್ ತಪ್ಪೊಪ್ಪಿಕೊಂಡು ಹತ್ತು ವರ್ಷದ ಶಿಕ್ಷೆ ತಗೊಂಡ.

ಮೇಡಾಫ್‌ನ ಹೆಂಡತಿ ರೂತ್ ಕಥೆ ಇನ್ನೂ ಕಷ್ಟ. 1959ರಲ್ಲಿ ಮದುವೆ. ಸ್ಕೂಲು ದಿನಗಳಿಂದ ಪರಿಚಯ. ಸಿಕ್ಕಿಬಿದ್ದ ಮೇಲೆ ಮಕ್ಕಳು ಅಪ್ಪನನ್ನು ಬಿಡು ಅಂದರು. ಬಿಡಲಿಲ್ಲ. ಮಕ್ಕಳು ದೂರ ಆದರು. ಮಾರ್ಕ್ ಹೋದ ಮೇಲೆ ಗಂಡನನ್ನೂ ಬಿಟ್ಟಳು. ಅಷ್ಟು ಹೊತ್ತಿಗೆ ಒಬ್ಬ ಮಗ ಇರಲಿಲ್ಲ.

ಇನ್ನೊಬ್ಬರು ಬರೆದಿದ್ದಾರೆ, "ಹೆಂಡತಿಗೆ ಎಲ್ಲ ಗೊತ್ತಿತ್ತು, ಕೊನೆಯ ವಾರಗಳಲ್ಲಿ ಒಂದೂವರೆ ಕೋಟಿ ಡಾಲರ್ ಡ್ರಾ ಮಾಡಿದ್ದಳು." ಡ್ರಾ ಮಾಡಿದ್ದು ನಿಜ. ಅವಳ ಮೇಲಾಗಲಿ ಮಕ್ಕಳ ಮೇಲಾಗಲಿ ಕ್ರಿಮಿನಲ್ ಕೇಸು ಯಾವತ್ತೂ ಹಾಕಲಿಲ್ಲ, ಅದೂ ನಿಜ. ಹೋಗಲಿ, ನಿಮ್ಮ ಅನುಮಾನವನ್ನೇ ಒಪ್ಪೋಣ. ಗೊತ್ತಿದ್ದರೆ ಹೆಂಡತಿಯನ್ನು ಕಳ್ಳತನಕ್ಕೆ ಸೇರಿಸಿಕೊಂಡ. ಗೊತ್ತಿಲ್ಲದಿದ್ದರೆ ನಲವತ್ತೊಂಬತ್ತು ವರ್ಷ ಅವಳಿಗೇ ಟೋಪಿ ಹಾಕಿದ. ಇದರಲ್ಲಿ ಯಾವುದು ಅವಳಿಗೋಸ್ಕರ ಸ್ವಾಮಿ? ಆಯ್ಕೆ ಮಾಡಿ, ನಾನು ಕಾಯುತ್ತೇನೆ.

ಕೋರ್ಟಿಗೆ ಬರೋಣ. 2009ರ ಜೂನ್ 29. ಜಡ್ಜ್ ಡೆನ್ನಿ ಚಿನ್ ಕೊಟ್ಟದ್ದು 150 ವರ್ಷ. ಇಂಥ ಕೇಸಿನಲ್ಲಿ ಮನೆಯವರು, ಸ್ನೇಹಿತರು ಜಡ್ಜಿಗೆ ಪತ್ರ ಬರೆಯುತ್ತಾರೆ. ಇವನು ಒಳ್ಳೆಯವನು, ನಮಗೆ ಹೀಗೆ ಸಹಾಯ ಮಾಡಿದ್ದ, ಸ್ವಲ್ಪ ಕರುಣೆ ತೋರಿಸಿ ಅಂತ. ಮೇಡಾಫ್ ಪರವಾಗಿ ಅಂಥ ಒಂದೇ ಒಂದು ಪತ್ರ ಬಂದಿರಲಿಲ್ಲ. ಜಡ್ಜ್ ಅದನ್ನು ಬಾಯಿ ಬಿಟ್ಟು ಹೇಳಿದರು. ಒಂದು ಪತ್ರ! ಒಂದು ಹಾಳೆ! ಸಾವಿರಾರು ಸ್ಟೇಟ್‌ಮೆಂಟು ಪ್ರಿಂಟ್ ಹಾಕಿದವನಿಗೆ ಒಂದು ಹಾಳೆ ಬರೆಯುವವರು ಸಿಗಲಿಲ್ಲ. ಯಾರಿಗೋಸ್ಕರ ಮಾಡಿದ ಅಂತೀರೋ ಅವರೇ ಬರೆಯಲಿಲ್ಲವಲ್ಲ!

"ಊರಿಗೆ ಉಪಕಾರಿ, ಮನೆಗೆ ಮಾರಿ" ಅಂತ ಗಾದೆ ಇದೆ. ಇವನು ಊರಿಗೂ ಮಾರಿ, ಮನೆಗೂ ಮಾರಿ. ಗಾದೆ ಮಾಡಿದವರು ಇವನನ್ನು ನೋಡಿರಲಿಲ್ಲ ಪಾಪ.

ಇನ್ನೂ ಮೂರು ಪಾಯಿಂಟ್ ಬರೆದುಕೊಂಡಿದ್ದೆ. ಒಂದು ಬಾಸ್ಟನ್ನಿನ ಹ್ಯಾರಿ ಮಾರ್ಕೊಪೊಲೋಸ್ ಬಗ್ಗೆ. 2000ದಿಂದ ಬಡಕೊಂಡ, ಇದು ಮೋಸ, ಇದು ಮೋಸ ಅಂತ. ಅಮೆರಿಕದ ಷೇರುಪೇಟೆ ನಿಯಂತ್ರಕರು ಕಿವಿಗೇ ಹಾಕಿಕೊಳ್ಳಲಿಲ್ಲ. ಅದು ಬೇರೆಯೇ ಎಪಿಸೋಡ್, ಮೆಂಬರ್ಸ್‌ಗೆ ಮೊದಲು ಬರುತ್ತದೆ, ಜಾಯಿನ್ ಬಟನ್ ಕೆಳಗಿದೆ. ಎರಡನೇ ಪಾಯಿಂಟ್ ಏನೋ ಬರೆದಿದ್ದೇನೆ, ನನ್ನ ಅಕ್ಷರ ನನಗೇ ಅರ್ಥ ಆಗುತ್ತಿಲ್ಲ. "ದೋಣಿ" ಅಂತಿದೆ. ಹಾಂ, ಅವನ ವಿಹಾರದ ದೋಣಿ, ಅದಕ್ಕೆ ಗೂಳಿ ಅಂತ ಹೆಸರು ಇಟ್ಟಿದ್ದ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಬರೆದೆನೋ. ಮೂರನೇದು ಮತ್ತೆ ಅದೇ, ಮನೆಯವರಿಗೋಸ್ಕರ ಅಲ್ಲ ಅಂತ. ಎರಡು ಸಲ ಗೆರೆ ಎಳೆದಿದ್ದೇನೆ.

ಅಲ್ಲ, ಅಲ್ಲ, ಅಲ್ಲ. ಆಯಿತಾ?

"ನೀವು ಕುಟುಂಬದ ಪ್ರೀತಿ ಅರ್ಥ ಮಾಡಿಕೊಂಡಿಲ್ಲ" ಅಂತ ಬರೆಯುವವರು ಈಗಾಗಲೇ ಟೈಪ್ ಮಾಡುತ್ತಿರುತ್ತೀರಿ. ಮಾಡಿ. ಕಾಮೆಂಟ್ ಬಂದರೆ ನನಗೂ ರೀಚ್. ಆ ಕೈ ಮುಗಿಯುವ ಇಮೋಜಿ ಮಾತ್ರ ಹಾಕಬೇಡಿ. ಮೇಡಾಫ್‌ಗೆ ಕೈ ಮುಗಿದಿದ್ದೋ ನನಗೆ ಮುಗಿದಿದ್ದೋ ಅಂತ ಎರಡು ದಿನದಿಂದ ಯೋಚನೆ ಮಾಡುತ್ತಿದ್ದೇನೆ, ನಿದ್ದೆ ಬಂದಿಲ್ಲ. ಭಾನುವಾರ ಲೈವ್ ಬರುತ್ತೇನೆ, ಅಲ್ಲಿ ಜಗಳ ಆಡೋಣ. ಕ್ಯಾಮೆರಾ ಬ್ಯಾಟರಿ ಕೆಂಪಾಗಿದೆ.