ಡ್ರ್ಯಾಗನ್ ಬಾಲ್: ಹದಿನಾರು ಕೂಡಿಸುವ ಲೆಕ್ಕ

ಕೇಳುಗರಿಗೆ ನಮಸ್ಕಾರ. ಡ್ರ್ಯಾಗನ್ ಬಾಲ್ ಎಂಬ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ಒಟ್ಟು ಎಷ್ಟು ಸಂಪುಟ? ಒಬ್ಬರು 42 ಎನ್ನುತ್ತಾರೆ, ಇನ್ನೊಬ್ಬರು 34, ಮತ್ತೊಬ್ಬರು 14. ತಮಾಷೆಯೆಂದರೆ ಮೂವರ ಮಾತೂ ನಿಜ.

ಅಕಿರಾ ತೊರಿಯಾಮಾ ಈ ಕಥೆಯನ್ನು 1984ರಿಂದ 1995ರವರೆಗೆ ವೀಕ್ಲಿ ಶೋನೆನ್ ಜಂಪ್ ಪತ್ರಿಕೆಯಲ್ಲಿ ಬರೆದರು. ಒಟ್ಟು 519 ಅಧ್ಯಾಯ. ಶುಯೇಶಾ ಪ್ರಕಾಶನ ಅದನ್ನು 42 ಪುಸ್ತಕ ಮಾಡಿತು. ಎಲ್ಲವನ್ನೂ ಸಾಲಾಗಿ ಜೋಡಿಸಿದರೆ ಬೆನ್ನುಗಳ ಮೇಲೆ ಒಂದೇ ಉದ್ದನೆಯ ಚಿತ್ರ ಮೂಡುತ್ತದೆ. 2002ರಿಂದ ಬಂದ ಕಾನ್ಜೆನ್‌ಬಾನ್, ಅಂದರೆ ಸಂಪೂರ್ಣ ಆವೃತ್ತಿ, ದಪ್ಪ, ಹಾಗಾಗಿ 34. ಅದರಲ್ಲಿ ಪತ್ರಿಕೆಯ ಬಣ್ಣದ ಪುಟಗಳು ಬಣ್ಣದಲ್ಲೇ ಇವೆ, ಕೊನೆಯ ಕೆಲವು ಪುಟಗಳನ್ನು ತೊರಿಯಾಮಾ ತಿದ್ದಿ ಬರೆದಿದ್ದಾರೆ.

ಕೊಳ್ಳುವವರು ಎಡವುವುದು ಇಂಗ್ಲಿಷ್ ಅನುವಾದದಲ್ಲಿ. ವಿಜ್ ಸಂಸ್ಥೆ ಮೊದಲ 16 ಸಂಪುಟಗಳಿಗೆ ಡ್ರ್ಯಾಗನ್ ಬಾಲ್ ಎಂದೇ ಹೆಸರಿಟ್ಟು, ಉಳಿದ 26ಕ್ಕೆ ಡ್ರ್ಯಾಗನ್ ಬಾಲ್ ಝಡ್ ಎಂದು ಒಂದರಿಂದ ಎಣಿಕೆ ಶುರು ಮಾಡಿತು. ಝಡ್ ಎಂಬುದು ಟಿವಿ ಸರಣಿಯ ಹೆಸರು. ಜಪಾನಿನ ಮೂಲ ಪುಸ್ತಕಗಳ ಮೇಲೆ ಅದಿಲ್ಲ. ಆದ್ದರಿಂದ ಝಡ್ ಸಂಖ್ಯೆಗೆ 16 ಕೂಡಿಸಿ. ಝಡ್ 11 ಎಂದರೆ ಮೂಲದ 27. ಇಂಗ್ಲಿಷಿನಲ್ಲೇ ಮೂರು ಪುಸ್ತಕ ಒಂದರಲ್ಲಿ ಸೇರಿಸಿದ ಆವೃತ್ತಿ 14 ಸಂಪುಟ. ಅಲ್ಲಿ ಹೆಸರು ಬದಲಾಗದೆ ಎಣಿಕೆ ನೇರ ಸಾಗುತ್ತದೆ. ಹೊಸದಾಗಿ ಕೊಳ್ಳುವವರಿಗೆ ಇದೇ ವಾಸಿ. ಬಿಡಿಬಿಡಿ ಹಳೆ ಪ್ರತಿ ಕೊಳ್ಳುವಾಗ ಎರಡು ಆವೃತ್ತಿ ಬೆರೆಸಿದಿರೋ, ಒಂದೇ ಭಾಗ ಎರಡು ಸಲ ಮನೆಗೆ ಬರುತ್ತದೆ.

ಆ 27ನೇ ಸಂಪುಟವನ್ನೇ ತೆಗೆಯಿರಿ. ಕಥಾನಾಯಕ ಗೋಕು ಸೂಪರ್ ಸೈಯನ್ ಎಂಬ ಮಹಾಶಕ್ತಿಯ ರೂಪ ತಾಳುತ್ತಾನೆ, ಕಪ್ಪು ಕೂದಲು ಹೊಂಬಣ್ಣಕ್ಕೆ ತಿರುಗಿ ಹೊಳೆಯತೊಡಗುತ್ತದೆ. ಹಿಂದಿನ ಕಾರಣ ಮಸಿ! ಪ್ರತಿ ಚೌಕದಲ್ಲೂ ಗೋಕುವಿನ ತಲೆಗೆ ಕಪ್ಪು ತುಂಬುವುದರಲ್ಲೇ ಸಹಾಯಕನ ಹೊತ್ತು ಹೋಗುತ್ತಿತ್ತು. ಕಪ್ಪು ಬಿಳುಪು ಪುಟದಲ್ಲಿ ಹೊಂಬಣ್ಣವೆಂದರೆ ಖಾಲಿ ಬಿಟ್ಟ ಕಾಗದ. ಊರಿನ ಕಟ್ಟಡ ಬರೆಯುವುದೂ ತೊರಿಯಾಮಾಗೆ ಬೇಸರ. ಕಾದಾಟಗಳು ಬಂಡೆಗಳ ಬಯಲಿಗೆ ಸರಿಯುವುದನ್ನು ಗಮನಿಸಿ. ವಾರವಾರವೂ ಪುಟ ಒಪ್ಪಿಸಬೇಕಾದವನ ಜಾಣ ಸೋಮಾರಿತನ ಅನ್ನಿ. ಆದರೆ ಹೊಡೆತ ಯಾವ ದಿಕ್ಕಿನಿಂದ ಬಂತೆಂದು ಅಷ್ಟು ಸ್ಪಷ್ಟವಾಗಿ ಕಾಣುವುದು ಆ ಖಾಲಿ ಹಿನ್ನೆಲೆಯಿಂದಲೇ.

ನಗೋಯಾದಲ್ಲಿ 1955ರಲ್ಲಿ ಹುಟ್ಟಿದ ತೊರಿಯಾಮಾ, 18 ಸಂಪುಟಗಳ ಡಾಕ್ಟರ್ ಸ್ಲಂಪ್ ಎಂಬ ಮಾಂಗಾ ಮುಗಿಸಿ ಇದಕ್ಕೆ ಕೈಹಾಕಿದ್ದರು. 2024ರ ಮಾರ್ಚ್ 1ರಂದು ತೀರಿಕೊಂಡರು. 2015ರಲ್ಲಿ ಶುರುವಾದ ಮುಂದುವರಿದ ಮಾಂಗಾ ಡ್ರ್ಯಾಗನ್ ಬಾಲ್ ಸೂಪರ್‌ಗೆ ಕಥೆ ಅವರದು, ಚಿತ್ರ ತೊಯೊತಾರೊ ಅವರದು. ಅದರ ಸಂಪುಟಗಳನ್ನು ಈ 42ರ ಲೆಕ್ಕಕ್ಕೆ ಸೇರಿಸಬೇಡಿ.